ಲಿನಕ್ಸಲ್ಲಿ ಗೇಮಿಂಗ್ ಕೀಬೋರ್ಡ್: ಡಬ್ಬಿ ಮೇಲಿನ ಹೆಸರು ನೋಡಿ ತಗೋಬ್ಯಾಡ್ರಿ

ಇಲ್ಲಿ ದಾವಣಗೆರೆಯಾಗೆ ಬಿಐಇಟಿ, ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಹುಡುಗ್ರು ವಿಂಡೋಸ್ ಬದ್ಲು ಲಿನಕ್ಸ್, ಅಂದ್ರೆ ಉಬುಂಟು ಇಲ್ಲಾ ಮಿಂಟ್, ಹಾಕ್ಕೊಂಡ ಮೇಲೆ ಕೇಳೋದು ಒಂದೇ, ಅಣ್ಣಾ ಗೇಮಿಂಗ್ ಕೀಬೋರ್ಡ್ ವರ್ಕ್ ಆಗ್ತದಾ ಅಂತ. ಆಗ್ತದೆ. ಟೈಪ್ ಮಾಡೋಕೆ ಯಾವ ಡ್ರೈವರೂ ಬೇಕಾಗಿಲ್ಲ, ಯುಎಸ್‌ಬಿ ಎಚ್‌ಐಡಿ ಅಂತ ಎಲ್ಲಾ ಕೀಬೋರ್ಡಿಗೂ ಒಂದೇ ಸ್ಟ್ಯಾಂಡರ್ಡ್ ಐತಲ್ಲ, ಕರ್ನಲ್ಲೇ (ಲಿನಕ್ಸಿನ ಮೂಲ ಭಾಗ) ನೋಡ್ಕೊಳ್ತದೆ. ತಲೆನೋವೆಲ್ಲ ಲೈಟು, ಮ್ಯಾಕ್ರೋ (ಒಂದೇ ಕೀಗೆ ಹಲವು ಕೀ ಕಟ್ಟಿಡೋದು), ಎಫ್ ಸಾಲಿನ ಕೀಗಳದ್ದು, ಯಾಕಂದ್ರೆ ಕಂಪ್ನಿಯೋರು ಕೊಡೋ ಸಾಫ್ಟ್‌ವೇರ್ ಹೆಚ್ಚಾಗಿ ವಿಂಡೋಸಿಗೆ ಮಾತ್ರ.

ಮೊದ್ಲು ಟರ್ಮಿನಲ್ ತೆಗೆದು ಎಲ್‌ಎಸ್‌ಯುಎಸ್‌ಬಿ ಅಂತ ಹೊಡೀರಿ, ಇಂಗ್ಲಿಷಲ್ಲಿ, ಸಣ್ಣಕ್ಷರ, ನಡುವೆ ಗ್ಯಾಪ್ ಬ್ಯಾಡ. ನಿಮ್ಮ ಕೀಬೋರ್ಡಿನ ಐಡಿ ಬರ್ತದೆ. ಕೀಕ್ರಾನ್ ಕಂಪ್ನಿಯ ಕೆಲವು, ಮತ್ತೆ ಕಡಿಮೆ ರೇಟಿನ ಕೆಲವು ಚೈನಾ ಬೋರ್ಡು 05ಎಸಿ:024ಎಫ್ ಅಂತ ತೋರಿಸ್ತವೆ, ಅದು ಆಪಲ್ ಐಡಿ! ಆಗ ಕರ್ನಲ್ಲು ಇದು ಆಪಲ್ದೇ ಅನ್ಕೊಂಡು ಎಚ್‌ಐಡಿ ಆಪಲ್ ಡ್ರೈವರ್ ಹಾಕ್ತದೆ, ಒಮ್ಮೊಮ್ಮೆ ಎಫ್5 ಒತ್ತಿದ್ರೆ ರಿಫ್ರೆಶ್ ಆಗಲ್ಲ, ಎಫ್ ಸಾಲಿನ ಕೀಗಳಿಂದ ಬ್ರೈಟ್‌ನೆಸ್ಸೋ ವಾಲ್ಯೂಮೋ ಬದಲಾಗ್ತದೆ. ಅಂಗಡಿಗೆ ವಾಪಸ್ ಒಯ್ಯೋ ಮೊದ್ಲು ಇದನ್ನ ಮಾಡಿ ನೋಡ್ರಿ: ಇಟಿಸಿ ಒಳಗಿನ ಮಾಡ್‌ಪ್ರೋಬ್ ಡಾಟ್ ಡಿ ಫೋಲ್ಡರಲ್ಲಿ ಎಚ್‌ಐಡಿ ಅಂಡರ್‌ಸ್ಕೋರ್ ಆಪಲ್ ಡಾಟ್ ಕಾನ್ಫ್ ಅಂತ ರೂಟ್ ಆಗಿ (ಅಂದ್ರೆ ಸುಡೋ ಹಾಕಿ) ಫೈಲ್ ಮಾಡಿ, ಅದ್ರಲ್ಲಿ ಒಂದೇ ಲೈನು, ಎಲ್ಲಾ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಆಪ್ಷನ್ಸ್, ಗ್ಯಾಪ್, ಎಚ್‌ಐಡಿ ಅಂಡರ್‌ಸ್ಕೋರ್ ಆಪಲ್, ಗ್ಯಾಪ್, ಎಫ್‌ಎನ್‌ಮೋಡ್ ಈಕ್ವಲ್ 2. ಉಬುಂಟು, ಮಿಂಟ್ ಆದ್ರೆ ಅಪ್‌ಡೇಟ್ ಇನಿಟ್‌ರಾಮ್‌ಎಫ್‌ಎಸ್ (ಮೊದ್ಲು ಸುಡೋ, ಎರಡು ಪದದ ನಡುವೆ ಹೈಫನ್, ಕೊನೆಗೆ ಗ್ಯಾಪ್ ಬಿಟ್ಟು ಹೈಫನ್ ಯು) ರನ್ ಮಾಡಿ ರೀಸ್ಟಾರ್ಟ್.

ವಿಂಡೋಸ್ ಕೀ ಕೆಲ್ಸ ಮಾಡ್ತಿಲ್ವಾ? ಅದು ಹೆಚ್ಚಾಗಿ ಗೇಮ್ ಮೋಡ್ ಲಾಕ್ (ಆಟದ ನಡುವೆ ಆ ಕೀ ತಪ್ಪಿ ಒತ್ತದಂಗೆ ಇರೋದು), ಎಫ್‌ಎನ್ ಹಿಡ್ಕೊಂಡು ಅದೇ ಕೀ ಒತ್ರಿ, ಬಹಳಷ್ಟು ಬೋರ್ಡಲ್ಲಿ ಅಷ್ಟೇ.

ಲೈಟಿಗೆ ಬರೋಣ. ರೇಜರ್ ಆದ್ರೆ ಓಪನ್‌ರೇಜರ್ ಹಾಕಿ ಮೇಲೆ ಪಾಲಿಕ್ರೊಮ್ಯಾಟಿಕ್ (ಲೈಟು ಸೆಟ್ ಮಾಡೋ ಆ್ಯಪ್) ಹಾಕ್ರಿ, ಕೋರ್ಸೇರ್‌ಗೆ ಸಿಕೆಬಿ ನೆಕ್ಸ್ಟ್. ಓಪನ್‌ರೇಜರ್ ಕರ್ನಲ್ ಮಾಡ್ಯೂಲ್ (ಕರ್ನಲ್ಲಿಗೆ ಸೇರೋ ಡ್ರೈವರ್) ಆಗಿರೋದ್ರಿಂದ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಡ್ರೈವರ್ ತಡೆಯೋ ಸೆಟ್ಟಿಂಗ್) ಆನ್ ಇದ್ರೆ ಇನ್‌ಸ್ಟಾಲ್ ಟೈಮಲ್ಲಿ ಒಂದು ಪಾಸ್‌ವರ್ಡ್ ಕೇಳ್ತದೆ, ರೀಬೂಟ್ ಆದಾಗ ಬರೋ ನೀಲಿ ಸ್ಕ್ರೀನಲ್ಲಿ ಎನ್‌ರೋಲ್ ಮಾಡಿ ಅದೇ ಪಾಸ್‌ವರ್ಡ್ ಕೊಡ್ಬೇಕು, ಹೆದರಿ ಕಂಟಿನ್ಯೂ ಒತ್ತಿಬಿಟ್ರೆ ಮಾಡ್ಯೂಲ್ ಲೋಡೇ ಆಗಲ್ಲ. ಉಳಿದ ಬಹಳಷ್ಟು ಕಂಪ್ನಿಗೆ ಓಪನ್‌ಆರ್‌ಜಿಬಿ, ಅದ್ರ ಯುಡೆವ್ ರೂಲ್ಸ್ (ಕೀಬೋರ್ಡ್ ಮುಟ್ಟೋಕೆ ಪರ್ಮಿಷನ್ ಕೊಡೋ ಫೈಲು) ಹಾಕದಿದ್ರೆ ಕೀಬೋರ್ಡ್ ಲಿಸ್ಟಲ್ಲೇ ಬರಲ್ಲ. ಒಂದು ಮಾತು, ಸೈನೋವೆಲ್ತ್ ಚಿಪ್ಪಿನ ಕೆಲವು ಬೋರ್ಡು ಓಪನ್‌ಆರ್‌ಜಿಬಿಯಿಂದ ಸತ್ತೇಹೋಗಿದ್ವು, ಬೇರೆಬೇರೆ ಬೋರ್ಡಿಗೆ ಒಂದೇ ಐಡಿ ಕೊಟ್ಟಿರ್ತಾರಲ್ಲ ಅದಕ್ಕೆ. ಆಮೇಲೆ ಡೆವಲಪರ್‌ಗಳು ಅದನ್ನ ಆಫ್ ಮಾಡಿಟ್ರು. ಆಫ್ ಇರೋದನ್ನ ನೀವು ಹೋಗಿ ಆನ್ ಮಾಡ್ಬ್ಯಾಡ್ರಿ.

ತೀರಾ ಸಸ್ತಾ ಬೋರ್ಡಲ್ಲಿ ಲೈಟಿನ ಬಟನ್ನೇ ಸ್ಕ್ರಾಲ್ ಲಾಕ್. ಲಿನಕ್ಸಲ್ಲಿ ಒತ್ತಿದ್ರೂ ಹತ್ತಲ್ಲ. ಸಿಸ್, ಕ್ಲಾಸ್, ಲೆಡ್ಸ್ ಅಂತ ಒಳಗೊಳಗೆ ಹೋದ್ರೆ ಸ್ಕ್ರಾಲ್‌ಲಾಕ್ ಅಂತ ಮುಗಿಯೋ ಫೋಲ್ಡರ್ ಸಿಗ್ತದೆ, ಅದ್ರ ಬ್ರೈಟ್‌ನೆಸ್ ಫೈಲಿಗೆ ರೂಟ್ ಆಗಿ 1 ಬರೀರಿ, ಹತ್ತತದೆ. ಕ್ಯಾಪ್ಸ್ ಲಾಕ್ ಒತ್ತಿದ್ರೆ ಒಮ್ಮೊಮ್ಮೆ ಮತ್ತೆ ಆರ್ತದೆ, ಆ ರೇಟಿಗೆ ಅಷ್ಟೇ ಬಿಡ್ರಿ.

ಇನ್ನೂ ತಗೊಂಡಿಲ್ಲ ಅಂದ್ರೆ ನನ್ನ ಕೇಳಿದ್ರೆ ಕ್ಯೂಎಂಕೆ (ಕೀಬೋರ್ಡ್ ಒಳಗೇ ಓಡೋ ಸಾಫ್ಟ್‌ವೇರ್) ಅಥವಾ ವಯಾ (ಅದನ್ನ ಬ್ರೌಸರಿಂದ ಸೆಟ್ ಮಾಡೋ ಆ್ಯಪ್) ಸಪೋರ್ಟ್ ಇರೋದೇ ತಗೋರಿ, ದುಡ್ಡು ಸ್ವಲ್ಪ ಜಾಸ್ತಿ ಆದ್ರೂ. ಕ್ಯೂಎಂಕೆ ಫರ್ಮ್‌ವೇರೇ ಓಪನ್ ಸೋರ್ಸ್. ಕ್ರೋಮಿಯಂ ಬ್ರೌಸರಲ್ಲಿ ವಯಾ ತೆಗೆದು ಕೀ, ಮ್ಯಾಕ್ರೋ, ಲೈಟು ಎಲ್ಲ ಸೆಟ್ ಮಾಡ್ಬೋದು (ಬ್ರೌಸರ್ ಕೀಬೋರ್ಡ್ ಮುಟ್ಟೋಕೆ ಇಲ್ಲೂ ಒಂದು ಯುಡೆವ್ ರೂಲ್ ಬೇಕು), ಸೆಟ್ಟಿಂಗ್ ಕೀಬೋರ್ಡ್ ಒಳಗೇ ಸೇವ್ ಆಗ್ತದೆ, ಕರೆಂಟ್ ಹೋಗಿ ಬಂದ್ರೂ, ಹಾಸ್ಟೆಲಿಂದ ಚಿತ್ರದುರ್ಗದ ಮನೆ ಪಿಸಿಗೆ ಚುಚ್ಚಿದ್ರೂ ಅದೇ ಇರ್ತದೆ. ವಯಾ ಇಲ್ದೋರು ಕೀ ಬದಲಾಯಿಸೋಕೆ ಇನ್‌ಪುಟ್ ರಿಮ್ಯಾಪರ್ ಹಾಕ್ಕೊಳ್ರಿ, ಅದೂ ಚೆನ್ನಾಗೈತಿ.

ಕನ್ನಡ ಟೈಪಿಂಗಿಗೆ ಸೆಟ್ಟಿಂಗ್ಸಲ್ಲಿ ಇನ್‌ಪುಟ್ ಸೋರ್ಸಿಗೆ ಹೋಗಿ ಕನ್ನಡ ಕಗಪ ಸೇರಿಸಿದ್ರೆ ಮುಗೀತು, ಉಬುಂಟುನಲ್ಲಿ ಸೂಪರ್ (ಅಂದ್ರೆ ವಿಂಡೋಸ್ ಕೀ) ಮತ್ತೆ ಸ್ಪೇಸ್ ಒಟ್ಟಿಗೆ ಒತ್ತಿ ಬದಲಾಯಿಸ್ಬೋದು. ಗೇಮ್ ಓಪನ್ ಮಾಡೋ ಮುಂಚೆ ಇಂಗ್ಲಿಷಿಗೆ ವಾಪಸ್ ಬರ್ರಿ, ಇಲ್ಲಾಂದ್ರೆ ಡಬ್ಲ್ಯೂ ಒತ್ತಿದ್ರೂ ಕೆಲವು ಗೇಮಲ್ಲಿ ಆಳು ಜಪ್ಪಯ್ಯ ಅಂದ್ರೂ ಮುಂದೆ ಹೋಗಲ್ಲ.