ಕಷ್ಟ ಕೇಳಬೇಡಿ, ಲೆಕ್ಕ ಕೇಳಿ: ಫೋನಿನಲ್ಲೇ ಹತ್ತು ನಿಮಿಷದ ಸಾಕ್ಷ್ಯಚಿತ್ರ ಮಾಡುವುದು ಹೇಗೆ?

ದುಡಿಯುವ ಜನರ ಬದುಕಿನ ಬಗ್ಗೆ ಸಾಕ್ಷ್ಯಚಿತ್ರ ಮಾಡಬೇಕು ಅಂತ ಹೊರಡುವ ಹೆಚ್ಚಿನವರು ಎಡವುವುದು ವಿಷಯ ಆರಿಸುವಾಗಲೇ. ‘ಬೀಡಿ ಕಾರ್ಮಿಕರ ಬವಣೆ’ ಅಂತ ಶುರು ಮಾಡುತ್ತಾರೆ. ಹತ್ತು ನಿಮಿಷದಲ್ಲಿ ಅಷ್ಟು ಜನರ ಬವಣೆ ಹಿಡಿಸುವುದಿಲ್ಲ. ಒಬ್ಬ ಅಕ್ಕನ ಒಂದು ವಾರ ಹಿಡಿಸುತ್ತದೆ. ಅಷ್ಟೇ ಸಾಕು.

ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಒಂದು ಮನೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ನಿಮ್ಮೂರಲ್ಲಿ ಅದು ನೇಕಾರರ ಮನೆಯಾಗಿರಬಹುದು, ಇಟ್ಟಿಗೆ ಗೂಡು ಆಗಿರಬಹುದು. ದಾರಿ ಒಂದೇ.

ಮೊದಲು ಕ್ಯಾಮೆರಾ ಇಲ್ಲದೆ ಹೋಗಿ

ಸುಮ್ನೆ ಹೋಗಿ ಕೂತುಕೊಳ್ಳಿ. ಕೆಲಸ ಯಾವಾಗ ಶುರುವಾಗುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ಅಂತ ನೋಡಿ. ಎಲೆಯನ್ನು ಮೊದಲೇ ನೆನೆಸಿ ಮೆತ್ತಗೆ ಮಾಡಿರುತ್ತಾರೆ. ಅಳತೆಯ ತಗಡು ಇಟ್ಟು ಕತ್ತರಿಯಲ್ಲಿ ಕತ್ತರಿಸುತ್ತಾರೆ. ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ. ಎಲೆಗೆ ಚಿಟಿಕೆ ಪುಡಿ ಹಾಕಿ, ಸುತ್ತಿ, ನೂಲು ಕಟ್ಟಿ, ಬಾಯಿ ಮಡಚುವುದು ಎಷ್ಟು ಬೇಗ ಆಗುತ್ತದೆ ಅಂದರೆ, ಮೊದಲ ದಿನ ನಿಮ್ಮ ಕಣ್ಣಿಗೆ ಏನೂ ಬೀಳುವುದಿಲ್ಲ. 25 ಬೀಡಿಗೆ ಒಂದು ಕಟ್ಟು. ಕಟ್ಟುಗಳು ಬ್ರಾಂಚಿಗೆ, ಅಂದರೆ ಎಲೆ ಕೊಟ್ಟು ಬೀಡಿ ತಗೊಳ್ಳುವ ಜಾಗಕ್ಕೆ, ಹೋಗುತ್ತವೆ.

ಸಿನಿಮಾ ಇರುವುದು ಆ ಬ್ರಾಂಚಿನ ತಕ್ಕಡಿಯ ಹತ್ತಿರ. ಎಲೆ ಕೊಡುವುದು ತೂಕದಲ್ಲಿ, ಬೀಡಿ ತಗೊಳ್ಳುವುದು ಎಣಿಕೆಯಲ್ಲಿ. ಸಾವಿರ ಬೀಡಿಗೆ ಅಂತ ಕೊಟ್ಟ ಎಲೆಯಲ್ಲಿ ತೂತು, ಹರುಕು ಜಾಸ್ತಿ ಇದ್ದರೆ ಸಾವಿರ ಬೀಡಿ ಹುಟ್ಟುವುದಿಲ್ಲ. ಆಗ ಕಡಿಮೆ ಬಿದ್ದ ಎಲೆಯನ್ನು ಸ್ವಂತ ದುಡ್ಡಿನಲ್ಲಿ ತಂದು ಕಟ್ಟುವುದೂ ಉಂಟು. ಚೆನ್ನಾಗಿಲ್ಲ ಅಂತ ಪಕ್ಕಕ್ಕೆ ತೆಗೆದಿಟ್ಟ ಬೀಡಿಗೆ ಮಜೂರಿ ಇಲ್ಲ. ಇದನ್ನು ಒಂದೇ ಒಂದು ಶಾಟಿನಲ್ಲಿ ತೋರಿಸಿದರೆ ಸಾಕು, ಯಾವ ಹಿನ್ನೆಲೆ ಧ್ವನಿಯೂ ಬೇಡ.

ಏನು ಕೇಳಬೇಕು

‘ನಿಮ್ಮ ಕಷ್ಟ ಹೇಳಿ ಅಕ್ಕ’ ಅಂತ ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ಜನ ಟೀವಿಯವರಿಗೆ ಹೇಳುವ ಹಾಗೆ ಹೇಳುತ್ತಾರೆ. ಲೆಕ್ಕ ಕೇಳಿ. ನಿನ್ನೆ ಎಷ್ಟು ಕಟ್ಟಿದಿರಿ? ಎಷ್ಟು ಪಾಸಾಯಿತು? ಈ ವಾರದ ದುಡ್ಡಿನಲ್ಲಿ ಮೊದಲು ಕೊಟ್ಟಿದ್ದು ಯಾರಿಗೆ? ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದೆಯಾ? ಪಿಎಫ್ ಕಟ್ ಆಗುತ್ತಾ? ಬೀಡಿ ಕಾರ್ಮಿಕರಿಗೆ ಅಂತಲೇ 1966ರಲ್ಲಿ ಕಾಯ್ದೆ ಬಂತು, 1976ರಲ್ಲಿ ಕಲ್ಯಾಣ ನಿಧಿಯ ಕಾಯ್ದೆ ಬಂತು. ಅದರಿಂದ ಈ ಮನೆಗೆ ಏನು ಬಂತು, ಮಕ್ಕಳಿಗೆ ಸ್ಕಾಲರ್‌ಶಿಪ್ ಸಿಕ್ಕಿತಾ? ಇಂಥ ಪ್ರಶ್ನೆಗೆ ಉತ್ತರ ಕೊಡುತ್ತಾ ಕೊಡುತ್ತಾ ಅವರೇ ಮಗಳ ಮದುವೆ, ಸೊಸೈಟಿ ಸಾಲ, ಬೆನ್ನುನೋವು ಎಲ್ಲದಕ್ಕೂ ಬರುತ್ತಾರೆ. ನೀವು ನಡುವೆ ಬಾಯಿ ಹಾಕಬೇಡಿ. ಅವರು ಸುಮ್ಮನಾದ ಮೇಲೂ ಸ್ವಲ್ಪ ಹೊತ್ತು ರೆಕಾರ್ಡಿಂಗ್ ಓಡಲಿ.

ಇನ್ನೊಂದು ಮಾತು, ಇದು ನನಗೆ ಎಲ್ಲಕ್ಕಿಂತ ಮುಖ್ಯ. ಬೀಡಿಗೆ ಕೂಲಿ ಇರುವುದು ಸಾವಿರದ ಲೆಕ್ಕದಲ್ಲಿ. ನೀವು ಒಂದು ಗಂಟೆ ಕೂರಿಸಿ ಮಾತಾಡಿಸಿದರೆ ಅವರ ಒಂದು ಗಂಟೆಯ ಕೂಲಿ ಹೋಯಿತು. ಕೈ ಓಡುತ್ತಿರುವಾಗಲೇ ಮಾತಾಡಲು ಬಿಡಿ, ಮಾತೂ ಚೆನ್ನಾಗಿ ಬರುತ್ತದೆ. ಕೆಲಸ ನಿಲ್ಲಿಸಲೇಬೇಕಾದರೆ ಆ ಹೊತ್ತಿನ ಕೂಲಿ ಕೊಡಿ.

ಒಪ್ಪಿಗೆ ಅವರ ಭಾಷೆಯಲ್ಲೇ ಕೇಳಿ, ಅದನ್ನೂ ರೆಕಾರ್ಡ್ ಮಾಡಿ. ಎಲ್ಲಿ ತೋರಿಸುತ್ತೀರಿ, ಯೂಟ್ಯೂಬಿಗೆ ಹಾಕುತ್ತೀರಾ, ಮುಖ ಕಾಣುತ್ತದಾ, ಎಲ್ಲ ಬಿಡಿಸಿ ಹೇಳಿ. ಎಲೆ ಕೊಡುವ ಕಂಟ್ರಾಕ್ಟರ್ ಬಗ್ಗೆ ಆಡಿದ ಒಂದು ಮಾತಿಗೆ ಮುಂದಿನ ವಾರ ಎಲೆ ಸಿಗದೇ ಹೋಗಬಹುದು. ಅದನ್ನು ಅನುಭವಿಸುವುದು ಅವರು, ನೀವಲ್ಲ. ಹಾಗಾಗಿ ಅಂಥ ಮಾತು ಇಟ್ಟುಕೊಳ್ಳುವುದೋ ಬಿಡುವುದೋ ಅವರೇ ಹೇಳಲಿ. ಮನೆಯ ಮಕ್ಕಳು ಜೊತೆಗೆ ಕೂತು ಬೀಡಿ ಕಟ್ಟುತ್ತಿದ್ದರೆ ಅವರ ಮುಖ ತೋರಿಸಬೇಡಿ.

ಶೂಟಿಂಗ್

ಫೋನು ಸಾಕು. ಫುಲ್ ಎಚ್‌ಡಿ ಸಾಕು. ಮಾತಿಗೆ ಒಂದು ಕಾಲರ್ ಮೈಕ್ ಕೊಳ್ಳಿ, ಕೈಯಲ್ಲಿರುವ ದುಡ್ಡನ್ನು ಲೆನ್ಸಿಗಿಂತ ಮೊದಲು ಇದಕ್ಕೇ ಹಾಕಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕುವುದನ್ನು ಮರೆಯಬೇಡಿ. ಟ್ಯೂಬ್‌ಲೈಟ್ ಕೆಳಗೆ ಚಿತ್ರ ಮಿಣಮಿಣ ಅಂದರೆ ಕ್ಯಾಮೆರಾ ಆ್ಯಪ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಅದಕ್ಕೆ ಇದು ಹೊಂದುತ್ತದೆ.

ಹೆಂಚಿನ ಮನೆಯಲ್ಲಿ ಜೋರು ಮಳೆ ಬರುವಾಗ ಸಂದರ್ಶನ ಮಾಡಲು ಹೋಗಬೇಡಿ, ಒಂದು ಮಾತೂ ಕೇಳುವುದಿಲ್ಲ. ಆದರೆ ಮಳೆಯ ಸದ್ದು ಬೇರೆ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕತ್ತರಿಯ ಸದ್ದು, ಒಣ ಎಲೆಯ ಸರಸರ, ಮೂಲೆಯಲ್ಲಿ ಓಡುವ ಟೀವಿ ಧಾರಾವಾಹಿ, ಹೊಗೆಸೊಪ್ಪಿನ ಧೂಳಿಗೆ ಬರುವ ಕೆಮ್ಮು. ಇವೆಲ್ಲ ಇದ್ದರೆ ಪಿಟೀಲು ಹಾಕಿ ಅಳಿಸುವ ಅಗತ್ಯ ಬೀಳುವುದಿಲ್ಲ. ಯಾರೂ ಮಾತಾಡದ ಖಾಲಿ ಕೋಣೆಯ ಸದ್ದನ್ನೂ ಒಂದು ನಿಮಿಷ ಹಿಡಿಯಿರಿ, ಎಡಿಟಿಂಗ್‌ನಲ್ಲಿ ಮಾತಿನ ತುಂಡುಗಳನ್ನು ಜೋಡಿಸುವಾಗ ಬೇಕಾಗುತ್ತದೆ.

ಪ್ರತಿ ಶಾಟು ಅಲುಗಾಡದೆ ಹತ್ತು ಸೆಕೆಂಡ್ ಇರಲಿ. ಕೈ ಹತ್ತಿರದಿಂದ, ಮುಖ ಹತ್ತಿರದಿಂದ, ಕೋಣೆ ದೂರದಿಂದ. ಅಳು ಬಂದಾಗ ಝೂಮ್ ಮಾಡಬೇಡಿ.

ಭಾಷೆ? ಅವರು ತುಳುವಿನಲ್ಲಿ ಮಾತಾಡಿದರೆ ತುಳು, ಬ್ಯಾರಿ ಆದರೆ ಬ್ಯಾರಿ. ನಿಮಗಾಗಿ ಕಷ್ಟಪಟ್ಟು ಕನ್ನಡ ಮಾತಾಡಿಸಬೇಡಿ. ಸಬ್‌ಟೈಟಲ್ ಹಾಕಿ, ಒಂದು ಸಲಕ್ಕೆ ಎರಡು ಸಾಲು ಮೀರದಂತೆ.

ಎಡಿಟಿಂಗ್, ಆಮೇಲೆ

ಕಂಪ್ಯೂಟರ್ ಮುಂದೆ ಕೂರುವ ಮೊದಲು ಎಲ್ಲ ಮಾತನ್ನೂ ಕಾಗದದ ಮೇಲೆ ಇಳಿಸಿ. ಬೇಸರದ ಕೆಲಸ, ಆದರೆ ಸಿನಿಮಾ ಹುಟ್ಟುವುದು ಇಲ್ಲೇ. ಬೇಕಾದ ಸಾಲಿಗೆ ಗೆರೆ ಎಳೆದು, ಕತ್ತರಿಸಿ, ನೆಲದ ಮೇಲೆ ಹರಡಿ ಜೋಡಿಸಿ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ಫೈಲುಗಳನ್ನು ಎರಡು ಕಡೆ ಇಟ್ಟುಕೊಳ್ಳಿ.

ಮೊದಲ ಪ್ರದರ್ಶನ ಆ ಮನೆಯ ಚಾವಡಿಯಲ್ಲೇ ಆಗಲಿ, ಅಂತಿಮ ಮಾಡುವ ಮುಂಚೆ. ಅವರು ಬೇಡ ಅಂದಿದ್ದನ್ನು ತೆಗೆದುಬಿಡಿ, ವಾದ ಮಾಡಬೇಡಿ. ಆಮೇಲೆ ಹೊರಗೆ ಕಳಿಸಿ. ಸಾಕ್ಷ್ಯಚಿತ್ರ, ಕಿರುಚಿತ್ರಗಳಿಗೆ ಅಂತಲೇ ಮುಂಬೈಯಲ್ಲಿ 1990ರಿಂದ ಮಿಫ್ (ಮುಂಬೈ ಅಂತರರಾಷ್ಟ್ರೀಯ ಚಲನಚಿತ್ರೋತ್ಸವ) ಇದೆ, ತಿರುವನಂತಪುರದಲ್ಲಿ ಕೇರಳ ಚಲಚ್ಚಿತ್ರ ಅಕಾಡೆಮಿ ನಡೆಸುವ ಉತ್ಸವ ಇದೆ. ಇಂಗ್ಲಿಷ್ ಸಬ್‌ಟೈಟಲ್ ಇರುವ ಒಂದು ಪ್ರತಿ ಮಾಡಿಟ್ಟುಕೊಳ್ಳಿ. ಆಯಾ ವರ್ಷದ ನಿಯಮ ಓದಿಯೇ ಕಳಿಸಿ. ಆನ್‌ಲೈನ್‌ನಲ್ಲಿ ಆಗಲೇ ಬಂದಿದ್ದನ್ನು ಕೆಲವು ಉತ್ಸವಗಳು ತಗೊಳ್ಳುವುದಿಲ್ಲ. ಉತ್ತರ ಬರುವ ತನಕ ಯೂಟ್ಯೂಬ್ ಲಿಂಕ್ ಪ್ರೈವೇಟ್ ಆಗಿಯೇ ಇರಲಿ.