ಬಸವನಿಗೆ ಗೊತ್ತಾಗದ ಹಾಗೆ ಕಡಲೆ ಬಚ್ಚಿಟ್ಟ ಕಥೆ

ನಮ್ಮ ಸೋದರತ್ತೆ ಮನೆ ಗಾಂಧಿ ಬಜಾರ್ ಹತ್ತಿರ. ಆ ಮನೆಯ ಕಾಂಪೌಂಡ್ ಒಳಗೆ, ಸಂಪಿಗೆ ಮರದ ಬುಡದಲ್ಲಿ ಜಿಯೋಕ್ಯಾಶಿಂಗ್ ಆಟದ ಒಂದು ಡಬ್ಬಿ ಒಂದೂವರೆ ವರ್ಷ ಇತ್ತು. ಗ್ರಿಲ್ ಸಂದಿಯಲ್ಲಿ ಕೈ ಹಾಕಿದರೆ ಸಿಗುತ್ತಿತ್ತು. ಆದರೆ ಅಲ್ಲಿಗೆ ಬರಬೇಕಾದರೆ ಮೊದಲು ರಾಗಗಳ ಲೆಕ್ಕ ಹಾಕಬೇಕಿತ್ತು. ಈಗ ಕಾಂಪೌಂಡ್ ಒಡೆದು ಹೊಸದಾಗಿ ಕಟ್ಟಿಸುತ್ತಿದ್ದಾರೆ. ಡಬ್ಬಿ ನನ್ನ ಮೇಜಿನ ಮೇಲಿದೆ. ಹಾಗಾಗಿ ಗುಟ್ಟು ಹೇಳಬಹುದು.

ಜಿಯೋಕ್ಯಾಶಿಂಗ್ ಅಂದರೆ ಇಷ್ಟೆ. ಒಬ್ಬರು ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ಹೇಳುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ, ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಡಬ್ಬಿಯನ್ನು ಇದ್ದಲ್ಲೇ ಇಡುತ್ತಾರೆ. ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕಂತಲೇ ಇಟ್ಟಿದ್ದ ತಪ್ಪನ್ನು 2000ನೇ ಇಸವಿ ಮೇ ತಿಂಗಳ ಶುರುವಿನಲ್ಲಿ ತೆಗೆಯಿತು. ಮರುದಿನವೇ ಆರೆಗನ್‌ನ ಕಾಡಿನಲ್ಲಿ ಒಬ್ಬರು ಮೊದಲ ಬಕೆಟ್ ಇಟ್ಟರು. ಇದರಲ್ಲೇ ಒಗಟಿನ ಬಗೆ ಅಂತ ಒಂದಿದೆ. ಅದರಲ್ಲಿ ನಕ್ಷೆ ತೋರಿಸುವ ಜಾಗದಲ್ಲಿ ಏನೂ ಇರುವುದಿಲ್ಲ. ಒಗಟು ಬಿಡಿಸಿದರೆ ನಿಜವಾದ ಜಾಗ ಸಿಗುತ್ತದೆ, ಅದು ಸುಮಾರು 3 ಕಿಲೋಮೀಟರ್ ಒಳಗೆ ಇರಬೇಕು ಅನ್ನೋದು ನಿಯಮ.

ಒಗಟಿನ ಡಬ್ಬಿಗಳನ್ನು ನಾನು ಸಾಕಷ್ಟು ಹುಡುಕಿದ್ದೇನೆ. ಜಾಸ್ತಿ ಕಡೆ ಕಥೆ ಒಂದು ದಾರಿ, ಲೆಕ್ಕ ಇನ್ನೊಂದು ದಾರಿ. ರಾಜ, ರಾಣಿ, ನಿಧಿ ಅಂತ ಒಂದು ಪುಟ ಬರೆದು ಕೊನೆಗೆ ಸುಮ್ನೆ ಒಂದು ಸುಡೋಕು ಕೊಟ್ಟಿರುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ. ಜಾಗವನ್ನು ಗುಟ್ಟು ಭಾಷೆಯಲ್ಲಿ ಯಾಕೆ ಬರೆದರು ಅನ್ನೋದಕ್ಕೆ ಕಥೆಯಲ್ಲೇ ಕಾರಣ ಇರಬೇಕು.

ಬಸವನಗುಡಿಯ ಕಥೆ ಎಲ್ಲರಿಗೂ ಗೊತ್ತು. ಸುಂಕೇನಹಳ್ಳಿಯ ರೈತರ ಕಡಲೆಕಾಯಿ ಹೊಲಕ್ಕೆ ಒಂದು ಬಸವ ನುಗ್ಗಿ ತಿನ್ನುತ್ತಿತ್ತಂತೆ, ಆಮೇಲೆ ಕಲ್ಲಾಯಿತಂತೆ. ಇವತ್ತಿಗೂ ಕಾರ್ತಿಕ ಮಾಸದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುತ್ತದೆ. ನಾನು ಅದಕ್ಕೆ ಒಂದು ಬಾಲ ಸೇರಿಸಿದೆ. ಪಕ್ಕದ ಬೀದಿಯಲ್ಲಿ ಒಬ್ಬ ಪಿಟೀಲು ಮೇಷ್ಟ್ರು ಇದ್ದರು. ಅವರ ಕಡಲೆಯೂ ದಿನಾ ಖಾಲಿ. ಬಚ್ಚಿಟ್ಟರೆ ತಾವೇ ಮರೆಯುತ್ತಾರೆ, ಬರೆದಿಟ್ಟರೆ ಬಸವ ಓದಿಬಿಡುತ್ತಾನೆ. ಬಸವನಿಗೆ ಎಲ್ಲ ಬರುತ್ತೆ, ಸಂಗೀತ ಒಂದು ಬರಲ್ಲ. ಹಾಗಾಗಿ ಮೇಷ್ಟ್ರು ಜಾಗವನ್ನು ರಾಗಗಳಲ್ಲಿ ಬರೆದಿಟ್ಟರು.

ಇದರ ಬೆನ್ನೆಲುಬು ಕಟಪಯಾದಿ. ಅಕ್ಷರಕ್ಕೆ ಅಂಕಿ ಕೊಡುವ ಹಳೇ ಪದ್ಧತಿ. ಕ ಒಂದು, ಖ ಎರಡು ಅಂತ ಹೋಗಿ ಝ ಒಂಬತ್ತು, ಞ ಸೊನ್ನೆ. ಮತ್ತೆ ಟ ಒಂದರಿಂದ ಧ ಒಂಬತ್ತರವರೆಗೆ, ನ ಸೊನ್ನೆ. ಪ ಒಂದರಿಂದ ಮ ಐದು. ಯ ಒಂದರಿಂದ ಹ ಎಂಟು. ಬಂದ ಅಂಕಿಗಳನ್ನು ಹಿಂದುಮುಂದಾಗಿ ಓದಬೇಕು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ, ಅಂದರೆ ಮೂಲ ರಾಗಗಳ, ಹೆಸರಿನ ಮೊದಲ ಎರಡು ಅಕ್ಷರದಲ್ಲಿ ಅವುಗಳ ಸಂಖ್ಯೆ ಅಡಗಿರುವುದು ಹೀಗೇ. ಮಾಯಾಮಾಳವಗೌಳದಲ್ಲಿ ಮ ಐದು, ಯ ಒಂದು, ತಿರುಗಿಸಿದರೆ 15.

ಬಸವನಗುಡಿ ಇರುವುದು ಉತ್ತರ 12 ಡಿಗ್ರಿ 56 ನಿಮಿಷ, ಪೂರ್ವ 77 ಡಿಗ್ರಿ 34 ನಿಮಿಷದಲ್ಲಿ. ಒಂದು ರಾತ್ರಿ ಮೇಳಕರ್ತದ ಪಟ್ಟಿ ಮುಂದಿಟ್ಟುಕೊಂಡು ಕೂತೆ. 12 ರೂಪವತಿ. 56 ಷಣ್ಮುಖಪ್ರಿಯ. 34 ವಾಗಧೀಶ್ವರಿ. ನಮ್ಮ ಏರಿಯಾ ತಾನಾಗೇ ಹಾಡುತ್ತಿದೆ ಅನ್ನಿಸಿತು, ನಿದ್ದೆ ಬರಲಿಲ್ಲ. ತೊಡಕು 77ರದ್ದು, ಮೇಳ ಇರುವುದೇ 72. ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಕಥೆಯಲ್ಲಿ ಒಂದು ಸಾಲು ಬಂತು: "ಮೇಳಕ್ಕೊಂದರಂತೆ ಕಾಳು ಎಣಿಸಿಟ್ಟರು, ಎಲ್ಲ ಮೇಳ ಮುಗಿದ ಮೇಲೂ ಐದು ಕಾಳು ಉಳಿದವು."

ಹಿಂದುಮುಂದಾಗಿ ಓದಬೇಕು ಅನ್ನೋದಕ್ಕೂ ಸುಳಿವು ಬೇಕಲ್ವಾ? ಹೆಜ್ಜೆ ಗುರುತು ಉಲ್ಟಾ ಕಾಣಲಿ ಅಂತ ಮೇಷ್ಟ್ರು ಹಿಮ್ಮುಖವಾಗಿ ನಡೆದು ಹೋದರು. ಅಣ್ಣನ ಮಗಳ ಕೈಲಿ ಮೊದಲ ಕರಡು ಕೊಟ್ಟಿದ್ದೆ. ಅವಳು ತಿರುಗಿಸದೆ ಲೆಕ್ಕ ಹಾಕಿ, "ಚಿಕ್ಕಪ್ಪ, 65 ನಿಮಿಷ ಅಂತ ಇರುತ್ತಾ?" ಅಂದಳು. ನಿಮಿಷ 60 ದಾಟುವ ಹಾಗಿಲ್ಲ. ಡಿಗ್ರಿ ಬೇರೆ 21 ಬಂದಿತ್ತು, ಅಂದರೆ ಮಧ್ಯಪ್ರದೇಶ. ತಪ್ಪು ತಾನೇ ತಪ್ಪು ಅಂತ ಹೇಳುವ ಹಾಗೆ ಒಗಟು ಕಟ್ಟಿದರೆ ಆಡುವವರಿಗೆ ಬೇಸರ ಆಗುವುದಿಲ್ಲ.

ಇನ್ನು ನಿಮಿಷದ ಮುಂದಿನ ಮೂರು ಅಂಕಿ. ನಿಮಿಷದ ಸಾವಿರದ ಒಂದು ಪಾಲು ಅಂದರೆ ನೆಲದ ಮೇಲೆ ಸುಮಾರು 1.8 ಮೀಟರ್. ಮರದ ನೆರಳಲ್ಲಿ ಫೋನು ಒಂದೊಂದು ಸಲ ಒಂದೊಂದು ಹೇಳುತ್ತದೆ, ಐದಾರು ಮೀಟರ್ ಆಚೆ ಈಚೆ. ನಾಲ್ಕು ದಿನ, ಬೆಳಿಗ್ಗೆ ಸಂಜೆ ಅಳೆದು ಸರಾಸರಿ ತೆಗೆದೆ. ಪೂರ್ವಕ್ಕೆ 34.333 ಬಂತು. 333ಕ್ಕೆ ಕಥೆಗೆ ಒಗ್ಗುವ ಪದ ಸಿಗಲಿಲ್ಲ. ಗ, ಡ, ಬ, ಲ ಇಷ್ಟರಲ್ಲೇ ಹೆಣೆಯಬೇಕು. ಕ ಇದ್ದಿದ್ದರೆ ಕಡಲೆ ಆಗುತ್ತಿತ್ತು. ಕ ಒಂದು, ಡ ಮೂರು, ಲ ಮೂರು, ತಿರುಗಿಸಿದರೆ 331. ಆಗ ಹೊಳೆಯಿತು, ಪದ ಯಾಕೆ ಬದಲಾಯಿಸಬೇಕು, ಡಬ್ಬಿಯನ್ನೇ ಸರಿಸಿದರೆ ಆಯಿತು! ಗೇಟಿನ ಕಂಬದ ಹಿಂದಿದ್ದ ಡಬ್ಬಿ ಪಶ್ಚಿಮಕ್ಕೆ ಮೂರೂವರೆ ಮೀಟರ್ ಸರಿದು ಸಂಪಿಗೆ ಬುಡಕ್ಕೆ ಬಂತು. ಉತ್ತರದ ಮೂರು ಅಂಕಿ ಮಾತ್ರ ಹೇಳುವುದಿಲ್ಲ. ಎಷ್ಟಾದರೂ ಅದು ಅತ್ತೆ ಮನೆ.

ನನ್ನ ಗೆಳೆಯ ಒಬ್ಬ ಪರೀಕ್ಷೆಗೆ ಹೊರಟ. ರಾಗ ಎಲ್ಲ ಸರಿ ಮಾಡಿದ. ಒಂದು ಗಂಟೆ ಆದ ಮೇಲೆ ಫೋನ್ ಮಾಡಿ, "ಬ್ಯೂಗಲ್ ರಾಕ್ ಹತ್ರ ಇದ್ದೀನಿ, ಏನೂ ಇಲ್ವಲ್ಲೋ" ಅಂದ. ಹೇಗೆ ಬರೆದೆ ಅಂತ ಕೇಳಿದೆ. ಅವನು ಬರೆದದ್ದು "ಕಡ್ಲೆ". ಒತ್ತಕ್ಷರ ಬಂದರೆ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ. ಹಾಗಾಗಿ ಡ ಹೋಯಿತು, 331 ಹೋಗಿ 031 ಆಯಿತು, ಅರ್ಧ ಕಿಲೋಮೀಟರ್ ಪಶ್ಚಿಮಕ್ಕೆ ಹೋಗಿ ನಿಂತಿದ್ದ. ತಪ್ಪು ನನ್ನದೇ. ನಾವೆಲ್ಲ ಬಾಯಲ್ಲಿ ಅನ್ನೋದು ಕಡ್ಲೆ ಅಂತಲೇ ತಾನೆ. ಮೇಷ್ಟ್ರು ಮಾತಾಡುವಾಗ ಅಕ್ಷರ ನುಂಗಿದರೂ ಬರೆಯುವಾಗ ಒಂದನ್ನೂ ಬಿಡುತ್ತಿರಲಿಲ್ಲ ಅಂತ ಇನ್ನೊಂದು ಸಾಲು ಸೇರಿಸಿದೆ.

ಡಬ್ಬಿ ಪಾರದರ್ಶಕ ಪ್ಲಾಸ್ಟಿಕ್‌ದೇ ಇರಲಿ. ಊರಿನೊಳಗೆ ಮುಚ್ಚಿದ ಪೆಟ್ಟಿಗೆ ಕಂಡರೆ ಜನ ಹೆದರುತ್ತಾರೆ, ಪೊಲೀಸರೂ ಬರುತ್ತಾರೆ. ಮೇಲೆ ಇದು ಆಟದ ಡಬ್ಬಿ ಅಂತ ಕನ್ನಡದಲ್ಲಿ ಚೀಟಿ ಅಂಟಿಸಿ. ಜಾಗದವರ ಒಪ್ಪಿಗೆ ಇಲ್ಲದೆ ಎಲ್ಲೂ ಇಡಬೇಡಿ, ನೆಲ ಅಗೆಯಬೇಡಿ. ತಿನ್ನುವ ವಸ್ತು ಇಡುವ ಹಾಗಿಲ್ಲ, ಇಲಿ ಇರುವೆ ಬರುತ್ತವೆ. ಹಾಗಾಗಿ ನನ್ನ ನಿಧಿಯಲ್ಲಿ ನಿಜವಾದ ಕಡಲೆ ಇರಲಿಲ್ಲ, ಚನ್ನಪಟ್ಟಣದ ಬುಗುರಿಗಳಿದ್ದವು. ಒಂದು ತೆಗೆದುಕೊಂಡರೆ ಬದಲಿಗೆ ಏನಾದರೂ ಇಡಬೇಕು. ಮೊದಲ ಮಳೆಗಾಲದಲ್ಲಿ ಪುಸ್ತಕ ನೆನೆದು ಹಪ್ಪಳ ಆಯಿತು. ಆಮೇಲೆ ಜಿಪ್ ಕವರ್ ಒಳಗೆ ಇನ್ನೊಂದು ಜಿಪ್ ಕವರ್ ಹಾಕಿ, ಪೆನ್ನಿನ ಬದಲು ಪೆನ್ಸಿಲ್ ಇಟ್ಟೆ.

ಅತ್ತೆಗೆ ಮೊದಮೊದಲು ಇದೆಲ್ಲ ಏನು ಅಂತಲೇ ಅರ್ಥ ಆಗಿರಲಿಲ್ಲ. ಆಮೇಲೆ ಗ್ರಿಲ್ ಹತ್ತಿರ ಯಾರಾದರೂ ಬಗ್ಗಿ ನಿಂತರೆ ಕಿಟಕಿಯಿಂದಲೇ, "ರಾಗ ಗೊತ್ತಾಯ್ತಾ ಮರಿ?" ಅಂತ ಕೇಳುತ್ತಿದ್ದರು. ಗೊತ್ತಾಯ್ತು ಅಂದವರಿಗೆ ಕಾಫಿ. ಪರಿಷೆಯ ಸಂಜೆ ಮೂರು ಜನ ಕಾಲೇಜು ಹುಡುಗಿಯರು ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದೇ ಬಂದಿದ್ದರಂತೆ. ಆ ಪುಟ ಈಗ ನನ್ನ ಮುಂದಿದೆ. ಪೆನ್ಸಿಲ್‌ನಲ್ಲಿ, ದುಂಡಗಿನ ಅಕ್ಷರದಲ್ಲಿ ಬರೆದಿದ್ದಾರೆ: "ಮೇಷ್ಟ್ರೇ, ಸಿಕ್ತು. ಬಸವನಿಗೆ ಹೇಳಲ್ಲ."