ಡಿಬಿಎಸ್ ಲೀಡು ಕೂರಿಸಿದ ಮೇಲೆ ಕರೆಂಟು ಹೊಂದಿಸುವ ಬಗೆ

ಪಾರ್ಕಿನ್ಸನ್ ಕಾಯಿಲೆಗೆ ಡಿಬಿಎಸ್ (ಮೆದುಳಿನ ಆಳಕ್ಕೆ ತಂತಿ ಇಳಿಸಿ ಕರೆಂಟು ಕೊಡುವ ಚಿಕಿತ್ಸೆ) ಮಾಡಿಸಿಕೊಂಡು ಬೆಂಗಳೂರಿನಿಂದ ಹಾಸನಕ್ಕೋ ಚಿಕ್ಕಮಗಳೂರಿಗೋ ಮರಳಿದವರ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ‘ಆಪರೇಷನ್ ಆಯ್ತಲ್ಲ, ನಡುಕ ಯಾಕೆ ಇನ್ನೂ ನಿಂತಿಲ್ಲ?’ ಆಪರೇಷನ್‌ನಲ್ಲಿ ಆಗುವುದು ಲೀಡು ಎಂಬ ತಂತಿಯನ್ನು ಮೆದುಳಿನ ಸರಿಯಾದ ಜಾಗಕ್ಕೆ ಸೇರಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಡುವ ಕೆಲಸ. ಆ ತಂತಿಯ ಯಾವ ಬಿಂದುವಿನಿಂದ ಎಷ್ಟು ಕರೆಂಟು ಬಿಡಬೇಕೆಂಬುದನ್ನು ಆಮೇಲೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡು, ಕೈ, ಕಾಲು, ಮಾತು ನೋಡುತ್ತ ಗೊತ್ತುಮಾಡಬೇಕು. ಈ ಕೆಲಸ ಕಲಿಯುತ್ತಿರುವ ನರರೋಗ ವೈದ್ಯರಿಗೆ, ತಂತ್ರಜ್ಞರಿಗೆ, ನರ್ಸ್‌ಗಳಿಗೆ ಈ ಬರಹ. ಕೊನೆಯ ಭಾಗವನ್ನು ಮನೆಯವರೂ ಓದಿಕೊಳ್ಳಬೇಕು. ಇಲ್ಲಿನ ಅಂಕಿಗಳೆಲ್ಲ ಮೆದುಳಿನಾಳದ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗದಲ್ಲಿ ಲೀಡು ಕೂರಿಸಿದವರಿಗೆ ಸಂಬಂಧಿಸಿದ್ದು. ಡಿಸ್ಟೋನಿಯಾಕ್ಕೆ (ಸ್ನಾಯುಗಳು ತಾವಾಗಿ ಸೆಟೆದು ತಿರುಚುವ ಕಾಯಿಲೆ) ಕೂರಿಸಿದ್ದರೆ ಲೆಕ್ಕವೇ ಬೇರೆ. ಅಲ್ಲಿ ಗುಣ ಕಾಣಲು ವಾರಗಳು, ತಿಂಗಳುಗಳು ಹಿಡಿಯುತ್ತವೆ.

ಹಿಂದಿನ ರಾತ್ರಿ

ಆಪರೇಷನ್ ಆದ ಮೇಲೆ ಕರೆಂಟು ಶುರುಮಾಡಲು 2ರಿಂದ 4 ವಾರ ಕಾಯಬೇಕು. ಲೀಡು ಇಳಿದ ಜಾಗದಲ್ಲಿ ಸ್ವಲ್ಪ ಊತ ಇರುತ್ತದೆ, ಅದರಿಂದಲೇ ಕೆಲವರಿಗೆ ಕರೆಂಟಿಲ್ಲದೆಯೂ ನಡುಕ ಇಳಿದಿರುತ್ತದೆ. ಆ ದಿನಗಳಲ್ಲಿ ಅಳೆದರೆ ಯಾವುದು ಊತದ ಫಲ, ಯಾವುದು ಕರೆಂಟಿನ ಫಲ ಎಂದು ತಿಳಿಯುವುದಿಲ್ಲ.

ಮೊದಲ ಸಲ ಕರೆಂಟು ಹಾಕುವಾಗ ಮೈಯಲ್ಲಿ ಪಾರ್ಕಿನ್ಸನ್‌ನ ಮುಖ್ಯ ಔಷಧಿಯಾದ ಲೆವೊಡೋಪಾ ಇರಕೂಡದು. ರಾತ್ರಿ 8ಕ್ಕೆ ಕೊನೆಯ ಮಾತ್ರೆ, ಬೆಳಿಗ್ಗೆ 8ಕ್ಕೆ ಪರೀಕ್ಷೆ ಎಂದರೆ 12 ಗಂಟೆ ಸಿಗುತ್ತದೆ. ನಿಧಾನವಾಗಿ ಕರಗುವ ಮಾತ್ರೆ, ಪ್ರಾಮಿಪೆಕ್ಸೋಲ್‌ನಂಥವು ಇದ್ದರೆ ಇನ್ನೂ ಮುಂಚೆ ನಿಲ್ಲಿಸಬೇಕಾಗುತ್ತದೆ, ಅದನ್ನು ವೈದ್ಯರೇ ಬರೆದುಕೊಡಬೇಕು. ಮಾತ್ರೆಯಿಲ್ಲದೆ ನುಂಗುವುದಕ್ಕೆ, ಉಸಿರಿಗೆ ತೊಂದರೆಯಾಗುವವರಿಗೆ ಪೂರ್ತಿ ನಿಲ್ಲಿಸಬೇಡಿ.

ಕೊಪ್ಪ, ಶೃಂಗೇರಿ, ಮೂಡಿಗೆರೆ ಕಡೆಯವರನ್ನು ಬೆಳಗಿನ ಜಾವ ಮಾತ್ರೆಯಿಲ್ಲದೆ ಘಾಟಿ ರಸ್ತೆಯಲ್ಲಿ ಕರೆತರುವುದು ಕ್ರೂರ. ಮೈ ಮರದಂತೆ ಬಿಗಿದಿರುತ್ತದೆ, ಕಾರಿನಿಂದ ಇಳಿಸುವುದೇ ಕಷ್ಟ. ಹಿಂದಿನ ದಿನವೇ ಮಾತ್ರೆಯ ಬಲದಲ್ಲಿ ಆಸ್ಪತ್ರೆಯಿರುವ ಊರಿಗೆ ಬಂದು ತಂಗಲಿ.

ಇನ್ನೊಂದು ಪ್ರಶ್ನೆಯನ್ನು ನೇರವಾಗಿಯೇ ಕೇಳಬೇಕು: ನಸುಗುನ್ನಿ ಬೀಜದ ಪುಡಿ ತಿನ್ನುತ್ತಿದ್ದಾರೆಯೇ? ‘ನರಕ್ಕೆ ಒಳ್ಳೆಯದು’ ಎಂದು ಹಾಲಿಗೆ ಹಾಕಿ ಕುಡಿಯುವವರಿದ್ದಾರೆ. ಅದರಲ್ಲಿ ಇರುವುದೂ ಲೆವೊಡೋಪಾವೇ. ಮಾತ್ರೆ ಬಿಟ್ಟು ಪುಡಿ ಕುಡಿದು ಬಂದರೆ ಆ ಬೆಳಗಿನ ಅಳತೆಯೆಲ್ಲ ಸುಳ್ಳು. ‘ಮಾತ್ರೆ ತಗೊಂಡ್ರಾ?’ ಎಂದಷ್ಟೇ ಕೇಳಿದರೆ ಇದು ಹೊರಬರುವುದಿಲ್ಲ, ಏಕೆಂದರೆ ಅವರ ಮಟ್ಟಿಗೆ ಅದು ಔಷಧಿಯೇ ಅಲ್ಲ.

ಕರೆಂಟು ಹೊಂದಿಸುವ ಟ್ಯಾಬ್ ಮುಟ್ಟುವ ಮುನ್ನ

ಮೊದಲು ಕರೆಂಟಿಲ್ಲದ ಸ್ಥಿತಿಯನ್ನು ವಿಡಿಯೊ ಮಾಡಿಕೊಳ್ಳಿ: ಬೆರಳು ತಟ್ಟುವುದು, ಮುಷ್ಟಿ ಬಿಚ್ಚಿ ಮುಚ್ಚುವುದು, ಕುರ್ಚಿಯಿಂದ ಏಳುವುದು, ನಡೆದು ತಿರುಗುವುದು, ಮಾತು. ಎಡ ಮೆದುಳಿನ ಲೀಡು ಬಲಗೈಯನ್ನು ಆಳುತ್ತದೆ. ಗೊತ್ತಿರುವ ಸಂಗತಿಯೇ, ಆದರೆ ದಣಿದ ಮಧ್ಯಾಹ್ನದಲ್ಲಿ ತಪ್ಪುವುದು ಇದೇ. ‘ಎಡ ಲೀಡು – ಬಲಗೈ’ ಎಂದು ಹಾಳೆಯ ತಲೆಯ ಮೇಲೆ ಬರೆದಿಡಿ.

ಆಮೇಲೆ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಎದುರಾಗುವ ತಡೆ. ಪ್ರತಿ ಕಾಂಟ್ಯಾಕ್ಟ್‌ನ (ಲೀಡಿನಲ್ಲಿ ಕರೆಂಟು ಹೊರಬರುವ ಬಿಂದುವಿನ) ತಡೆ ಸಾಮಾನ್ಯವಾಗಿ 500ರಿಂದ 2000 ಓಮ್‌ನೊಳಗೆ ಬರುತ್ತದೆ. ಹಲವು ಸಾವಿರಕ್ಕೆ ಏರಿದ್ದರೆ ತಂತಿ ತುಂಡಾಗಿದೆ ಅಥವಾ ಜೋಡಣೆ ಬಿಟ್ಟಿದೆ. ತೀರಾ ಇಳಿದಿದ್ದರೆ, ಅಂದರೆ 250ರ ಕೆಳಗೆ ಬಂದಿದ್ದರೆ, ಎರಡು ಕಾಂಟ್ಯಾಕ್ಟ್ ಒಳಗೇ ಕೂಡಿಕೊಂಡಿವೆ. ಎಚ್ಚರಿಕೆಯ ಗಡಿ ಕಂಪನಿಯಿಂದ ಕಂಪನಿಗೆ ಬೇರೆ. ಕಾಂಟ್ಯಾಕ್ಟ್‌ಗಳ ನಂಬರೂ ಹಾಗೆಯೇ: ಕೆಲವರದು 0ಯಿಂದ, ಕೆಲವರದು 1ರಿಂದ ಶುರು. ಆದ್ದರಿಂದ ನಂಬರಿನ ಜೊತೆಗೆ ‘ತುದಿಯಿಂದ ಎರಡನೆಯದು’ ಎಂದೂ ಬರೆಯಿರಿ.

ನಕ್ಷೆ ತೆಗೆಯುವುದು

ಯಾವ ಕಾಂಟ್ಯಾಕ್ಟ್‌ನಲ್ಲಿ ಎಷ್ಟು ಕರೆಂಟಿಗೆ ಏನಾಗುತ್ತದೆ ಎಂದು ಬರೆದಿಡುವುದೇ ನಕ್ಷೆ. ಇಡೀ ಚಿಕಿತ್ಸೆಯ ಬುನಾದಿ ಇದು. ಒಂದೊಂದು ಬದಿಗೂ ಒಂದು, ಒಂದೂವರೆ ಗಂಟೆ ಬೇಕು. ಅವಸರದಲ್ಲಿ ಎರಡು ಕಾಂಟ್ಯಾಕ್ಟ್ ನೋಡಿ ಬಿಟ್ಟರೆ ಮುಂದೆ ವರ್ಷಗಟ್ಟಲೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಮಿಡಿತದ ಅಗಲ 60 ಮೈಕ್ರೊಸೆಕೆಂಡು, ವೇಗ 130 ಹರ್ಟ್ಜ್. ಇವೆರಡನ್ನೂ ಅಲುಗಿಸಬೇಡಿ. ಎದೆಯ ಬ್ಯಾಟರಿಯ ಡಬ್ಬಿ ಧನ, ಪರೀಕ್ಷಿಸುವ ಒಂದೇ ಕಾಂಟ್ಯಾಕ್ಟ್ ಋಣ. ಕರೆಂಟನ್ನು 0.5 ಮಿಲಿಆಂಪಿಯರ್‌ನಂತೆ ಏರಿಸುತ್ತ ಹೋಗಿ. ಎರಡು ಅಂಕಿ ಬೇಕು: ಗುಣ ಎಲ್ಲಿ ಶುರುವಾಯಿತು, ತೊಂದರೆ ಎಲ್ಲಿ ಶುರುವಾಯಿತು. 5 ಮಿಲಿಆಂಪಿಯರ್‌ವರೆಗೂ ತೊಂದರೆ ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ.

ಗುಣ ಅಳೆಯಲು ಮಣಿಕಟ್ಟಿನ ಬಿಗಿತವನ್ನು ನಂಬಿ. ಕರೆಂಟು ತಗುಲಿದ ಕೆಲವೇ ಸೆಕೆಂಡುಗಳಲ್ಲಿ ಅದು ಸಡಿಲವಾಗುತ್ತದೆ. ನಡುಕ ಒಂದೊಂದು ಸಲ ತಾನಾಗಿಯೇ ಹೆಚ್ಚು ಕಡಿಮೆ ಆಗುತ್ತದೆ, ಮನಸ್ಸಿನ ಉದ್ವೇಗಕ್ಕೂ ಕುಣಿಯುತ್ತದೆ. ನಿಧಾನಗತಿ ಸುಧಾರಿಸಲು ಇನ್ನೂ ಹೊತ್ತು ಬೇಕು, ನಡಿಗೆಗೆ ಗಂಟೆಗಳೇ ಬೇಕಾಗಬಹುದು. ಒಬ್ಬರು ಟ್ಯಾಬ್ ಹಿಡಿಯಲಿ, ಇನ್ನೊಬ್ಬರು ಮಣಿಕಟ್ಟು ಹಿಡಿಯಲಿ. ಮಣಿಕಟ್ಟು ಹಿಡಿದವರಿಗೂ ರೋಗಿಗೂ ಅಂಕಿ ಗೊತ್ತಾಗದಿದ್ದರೆ ಅಳತೆ ಶುದ್ಧ. ರೋಗಿ ಇನ್ನೊಂದು ಕೈಯನ್ನು ಮುಚ್ಚಿ ಬಿಚ್ಚುತ್ತಿರಲಿ, ಆಗ ಅಡಗಿದ ಬಿಗಿತವೂ ಕೈಗೆ ಸಿಗುತ್ತದೆ.

ತೊಂದರೆಗಳು ಲೀಡು ಎಲ್ಲಿ ಕೂತಿದೆ ಎಂದೂ ಹೇಳುತ್ತವೆ. ಜುಮ್ಮೆಂದು ಕೆಲವು ಸೆಕೆಂಡಿನಲ್ಲಿ ಹೋದರೆ ಅದು ಸಹಜ, ಮುಂದುವರಿಯಿರಿ. ಜೋಮು ಹಾಗೇ ಉಳಿದರೆ ಕರೆಂಟು ಹಿಂಬದಿಯ ಸ್ಪರ್ಶದ ನಾರುಗಳಿಗೆ ಹರಿಯುತ್ತಿದೆ. ತುಟಿಯ ಮೂಲೆ ಎಳೆದರೆ, ಬೆರಳು ಸೆಟೆದರೆ, ಮಾತು ತೊದಲಿದರೆ ಹೊರಬದಿಯ ಇಂಟರ್ನಲ್ ಕ್ಯಾಪ್ಸೂಲ್‌ಗೆ, ಅಂದರೆ ಚಲನೆಯ ನಾರುಗಳ ಕಟ್ಟಿಗೆ. ಒಂದು ಕಣ್ಣು ಓರೆಯಾಗಿ ವಸ್ತು ಎರಡೆರಡಾಗಿ ಕಂಡರೆ ಒಳಬದಿಗೆ, ಕಣ್ಣು ಆಡಿಸುವ ನರದ ಕಡೆಗೆ. ಬೆವರು, ಮೈ ಬಿಸಿಯೇರುವುದು ಕೂಡ ಒಳಬದಿಯ ಗುರುತೇ. ಕ್ಯಾಪ್ಸೂಲ್‌ನ ಎಳೆತ ಹೊಸಬರನ್ನು ಮೋಸಗೊಳಿಸುತ್ತದೆ. ಕೈ ಮತ್ತೆ ಬಿಗಿಯಾಯಿತು, ಕರೆಂಟು ಸಾಲದು ಎಂದುಕೊಂಡು ಇನ್ನೂ ಏರಿಸುತ್ತಾರೆ, ಬಿಗಿ ಇನ್ನೂ ಹೆಚ್ಚುತ್ತದೆ. ಸಂಶಯ ಬಂದರೆ ಇಳಿಸಿ ನೋಡಿ. ಇಳಿಸಿದಾಗ ಸಡಿಲವಾದರೆ ಅದು ಕಾಯಿಲೆಯ ಬಿಗಿತವಲ್ಲ.

ಮಾತಿಗೆ ನಮ್ಮಲ್ಲಿ ಸಿದ್ಧವಾಗಿರುವ ಪರೀಕ್ಷೆಯೇ ಇದೆ: ‘ತರೀಕೆರೆ ಏರಿ ಮೇಲೆ ಮೂರು ಕರಿ ಕುರಿಮರಿ ಮೇಯ್ತಿತ್ತು.’ ರಕಾರ ಇಷ್ಟು ಒತ್ತೊತ್ತಾಗಿರುವ ಸಾಲಿನಲ್ಲಿ ನಾಲಿಗೆಯ ಸಣ್ಣ ತೊಡಕೂ ಕೇಳಿಸುತ್ತದೆ. ಕರೆಂಟಿಲ್ಲದಾಗ ಒಮ್ಮೆ ಹೇಳಿಸಿ ಧ್ವನಿಮುದ್ರಿಸಿಕೊಂಡು, ಪ್ರತಿ ಹಂತದಲ್ಲೂ ಅದನ್ನೇ ಹೇಳಿಸಿ.

ನಕ್ಷೆ ಹೇಗಿರುತ್ತದೆ ಎಂಬುದಕ್ಕೆ ಒಂದು ಮಾದರಿ, ಎಡ ಲೀಡು, ಬಲಗೈ, ಅಂಕಿಗಳು ಮಿಲಿಆಂಪಿಯರ್‌ನಲ್ಲಿ:

ತುದಿಯದು: ಗುಣ 2.0, ಎರಡೆರಡಾಗಿ ಕಾಣುವುದು 2.5
ಎರಡನೆಯದು: ಗುಣ 1.5, ತುಟಿ ಎಳೆತ 4.0
ಮೂರನೆಯದು: ಗುಣ 2.0, ತುಟಿ ಎಳೆತ 4.0
ಮೇಲಿನದು: ಗುಣ 3.5, ತೊಂದರೆ 5.0ವರೆಗೂ ಇಲ್ಲ

ಇಲ್ಲಿ ಎರಡನೆಯದನ್ನು ಆರಿಸಬೇಕು. ಅಂತರ 2.5, ಗುಣವೂ ಬೇಗ. ಮೇಲಿನದರಲ್ಲಿ ತೊಂದರೆಯಿಲ್ಲ ಎಂದು ಆಸೆಪಟ್ಟರೆ ಬ್ಯಾಟರಿ ಬೇಗ ಬರಿದಾಗುತ್ತದೆ. ಮೂರನೆಯದನ್ನು ಬದಲಿ ಎಂದು ಗುರುತಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮನೆಗೆ ಕಳಿಸುವ ಅಂಕಿ

ಮೇಲಿನ ಮಾದರಿಯವರನ್ನು 1.5ರಲ್ಲಿ ಬಿಡಬಹುದು. ಆಪರೇಷನ್‌ಗೆ ಮೊದಲೇ ಮೈ ತಾನಾಗಿ ಓಲಾಡುವ ತೊಂದರೆ ಇದ್ದವರಿಗೆ 1.0 ಸಾಕು. ಆಮೇಲೆ ಅಲ್ಲಿಯೇ ಮಾತ್ರೆ ಕೊಟ್ಟು, ಕನಿಷ್ಠ ಒಂದು ಗಂಟೆ ಕೂರಿಸಿ ನೋಡಿ. ಕರೆಂಟು, ಮಾತ್ರೆ ಎರಡೂ ಸೇರಿದಾಗ ಓಲಾಟ ಎಷ್ಟು ಬರುತ್ತದೆ ಎಂದು ಆಗಲೇ ತಿಳಿಯುವುದು. ಇದನ್ನು ನೋಡದೆ ಕಳಿಸಿದರೆ ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ.

ಮನೆಯಲ್ಲಿ ರಿಮೋಟಿನಿಂದ ವಾರಕ್ಕೆ 0.1 ಅಥವಾ 0.2 ಏರಿಸಲಿ. ರಿಮೋಟಿಗೆ ಮೇಲಿನ ಮಿತಿ ಕಡ್ಡಾಯ. ಈ ಮಾದರಿಗೆ 3.0. ಮಾತ್ರೆಯನ್ನು ಕರೆಂಟು ಏರಿದಂತೆ ಮೆಲ್ಲಗೆ ಇಳಿಸಬೇಕು. ಕೊನೆಗೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಇಳಿಯುವುದು ಸಾಮಾನ್ಯ. ಒಮ್ಮೆಲೇ ಕತ್ತರಿಸಿದರೆ ಮನುಷ್ಯ ಯಾವುದರಲ್ಲೂ ಆಸಕ್ತಿಯಿಲ್ಲದೆ ಮಂಕಾಗಿ ಕೂತುಬಿಡುತ್ತಾರೆ. ಮೊದಲ ವರ್ಷ ಪ್ರತಿ ಭೇಟಿಯಲ್ಲೂ ಮನಸ್ಸಿನ ಬಗ್ಗೆ, ಬದುಕು ಬೇಡ ಎನ್ನಿಸುತ್ತದೆಯೇ ಎಂದು ನೇರವಾಗಿ ಕೇಳಿ. ವಿಪರೀತ ಖರ್ಚು, ಜೂಜು, ಅತಿ ಉತ್ಸಾಹ ಕಂಡಿವೆಯೇ ಎಂಬುದನ್ನು ಮನೆಯವರಿಂದ ಪ್ರತ್ಯೇಕವಾಗಿ ಕೇಳಿ ತಿಳಿಯಬೇಕು.

ಗುಣ ಸಾಲದಿದ್ದಾಗ ಮೊದಲು ಕರೆಂಟನ್ನು ಏರಿಸಿ, ಅಗಲವನ್ನೂ ವೇಗವನ್ನೂ ಆಮೇಲೆ. ಬೆಲೆ ತೆರುವುದು ಬ್ಯಾಟರಿ. 3.0ರಿಂದ 3.6ಕ್ಕೆ ಏರಿದರೆ ಖರ್ಚು ಶೇ. 44 ಹೆಚ್ಚು, ಏಕೆಂದರೆ ಕರೆಂಟು ವರ್ಗವಾಗಿ ಲೆಕ್ಕಕ್ಕೆ ಬರುತ್ತದೆ. ಅಗಲ 60ರಿಂದ 90ಕ್ಕೆ ಹೋದರೆ ಶೇ. 50. ಮೆದುಳಿನ ಸುರಕ್ಷೆಯ ಮಿತಿ ಪ್ರತಿ ಮಿಡಿತಕ್ಕೆ ಚದರ ಸೆಂಟಿಮೀಟರಿಗೆ 30 ಮೈಕ್ರೊಕೂಲಂಬ್. 1.27 ಮಿ.ಮೀ. ದಪ್ಪ, 1.5 ಮಿ.ಮೀ. ಎತ್ತರದ ಉಂಗುರದ ಮೈ 0.06 ಚದರ ಸೆಂಟಿಮೀಟರ್. ಅದರಲ್ಲಿ 3 ಮಿಲಿಆಂಪಿಯರ್, 60 ಮೈಕ್ರೊಸೆಕೆಂಡು ಎಂದರೆ ಬರೀ 3. ಆದರೆ ಉಂಗುರವನ್ನು ಮೂರು ಹೋಳು ಮಾಡಿದ ದಿಕ್ಕಿನ ಲೀಡಿನಲ್ಲಿ ಒಂದು ಹೋಳಿನ ಮೈ ಸುಮಾರು ಕಾಲು ಭಾಗ ಮಾತ್ರ, ಸಾಂದ್ರತೆ ನಾಲ್ಕು ಪಟ್ಟು. ಅಲ್ಲಿ ಅಗಲ ಹೆಚ್ಚಿಸುವಾಗ ಲೆಕ್ಕ ಹಾಕಿಯೇ ಮುಂದುವರಿಯಿರಿ.

ತಿಂಗಳುಗಳ ಮೇಲೆ ಬರುವ ದೂರುಗಳು

ಹೆಚ್ಚಾಗಿ ಬರುವುದು ‘ಕೈ ಚೆನ್ನಾಗಿದೆ, ಮಾತು ಯಾರಿಗೂ ಅರ್ಥವಾಗುತ್ತಿಲ್ಲ’ ಎಂಬುದು. ಒಂದೊಂದೇ ಬದಿಯ ಕರೆಂಟು ನಿಲ್ಲಿಸಿ ತರೀಕೆರೆಯ ಸಾಲು ಹೇಳಿಸಿ, ಯಾವ ಬದಿಯದು ತಪ್ಪು ಎಂದು ಹಿಡಿಯಿರಿ. ಆ ಬದಿಯಲ್ಲಿ ಕರೆಂಟು ಇಳಿಸುವುದು, ಬದಲಿ ಎಂದು ಗುರುತಿಟ್ಟ ಕಾಂಟ್ಯಾಕ್ಟ್‌ಗೆ ಹೋಗುವುದು, ಸಾಧನದಲ್ಲಿ ಸಾಧ್ಯವಿದ್ದರೆ ಅಗಲವನ್ನು 30–40ಕ್ಕೆ ತರುವುದು, ಅಥವಾ ಡಬ್ಬಿಯ ಬದಲು ಪಕ್ಕದ ಕಾಂಟ್ಯಾಕ್ಟನ್ನು ಧನ ಮಾಡಿ ಹರಿವನ್ನು ಕಿರಿದಾಗಿಸುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯದು.

ಹೊಸ್ತಿಲ ಬಳಿ ಕಾಲು ನೆಲಕ್ಕೆ ಅಂಟಿಕೊಳ್ಳುವುದು ಇನ್ನೊಂದು. ಮಾತ್ರೆ ಇದ್ದಾಗ, ಇಲ್ಲದಾಗ. ಕರೆಂಟು ಇದ್ದಾಗ, ಇಲ್ಲದಾಗ, ಹೀಗೆ ನಾಲ್ಕೂ ಸ್ಥಿತಿಯಲ್ಲಿ ಉದ್ದದ ಕಾರಿಡಾರಿನಲ್ಲಿ ನಡೆಸಿ. ಕರೆಂಟಿನಿಂದಲೇ ಹೆಚ್ಚಾಗುತ್ತಿದ್ದರೆ ವೇಗವನ್ನು 60–80 ಹರ್ಟ್ಜ್‌ಗೆ ಇಳಿಸಿ ನೋಡಬಹುದು. ನಡುಕ ಮರಳಬಹುದು, ಗುಣ ಕೆಲವು ವಾರಗಳಲ್ಲಿ ಕರಗಲೂಬಹುದು. ಆಪರೇಷನ್‌ಗೆ ಮೊದಲು ಲೆವೊಡೋಪಾಕ್ಕೂ ಬಗ್ಗದಿದ್ದ ನಡಿಗೆಯ ತೊಂದರೆ ಕರೆಂಟಿಗೂ ಬಗ್ಗುವುದು ಅಪರೂಪ, ಇದನ್ನು ಮನೆಯವರಿಗೆ ಮೊದಲೇ ಹೇಳಿರಬೇಕು.

ಮನೆಯವರಿಗೆ

ಚಾರ್ಜ್ ಮಾಡುವ ಬ್ಯಾಟರಿ ಇದ್ದರೆ ವಾರದ ದಿನ ಗೊತ್ತುಮಾಡಿಕೊಂಡು ಚಾರ್ಜ್ ಮಾಡಿ. ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಮರ ಬಿದ್ದು ಎರಡು ಮೂರು ದಿನ ಕರೆಂಟು ಇರುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬೇಡಿ, ಚಾರ್ಜರಿಗೆ ಯುಪಿಎಸ್ ಇರಲಿ.

ತೋಟದ ಸೋಲಾರ್ ಬೇಲಿ, ವೆಲ್ಡಿಂಗ್ ಹತ್ತಿರ ಹೋಗಬಾರದು. ಇಂಡಕ್ಷನ್ ಒಲೆಯ ಮೇಲೆ ಎದೆ ಬಾಗಿಸಬಾರದು. ಎಂಆರ್‌ಐ ಹೇಳಿದರೆ ಸಾಧನದ ಕಾರ್ಡ್ ತೋರಿಸಿ, ಅದನ್ನು ಎಂಆರ್‌ಐ ಮೋಡ್‌ಗೆ ಹಾಕದೆ ಒಳಗೆ ಹೋಗಬೇಡಿ. ಮಂಡಿನೋವು, ಭುಜದ ನೋವಿಗೆ ಫಿಸಿಯೋಥೆರಪಿಯಲ್ಲಿ ಕೊಡುವ ಡೈಥರ್ಮಿ ಶಾಖ ಮಾತ್ರ ಯಾವ ಕಾರಣಕ್ಕೂ ಬೇಡ, ಸಾಧನ ಆಫ್ ಮಾಡಿದ್ದರೂ ಬೇಡ. ಅದರ ಶಕ್ತಿ ತಂತಿಯುದ್ದಕ್ಕೂ ಹರಿದು ಲೀಡಿನ ತುದಿಯಲ್ಲಿ ಮೆದುಳನ್ನು ಸುಡುತ್ತದೆ.

ಒಂದು ದಿನ ಇದ್ದಕ್ಕಿದ್ದಂತೆ ಹಳೆಯ ಬಿಗಿತ, ನಡುಕ ಪೂರ್ತಿ ಮರಳಿದರೆ ಮೊದಲು ರಿಮೋಟಿನಲ್ಲಿ ಸಾಧನ ಆನ್ ಇದೆಯೇ, ಬ್ಯಾಟರಿ ಎಷ್ಟಿದೆ ನೋಡಿ. ಆರಿದ್ದರೆ ಆನ್ ಮಾಡಿ. ಆನ್ ಆಗದಿದ್ದರೆ ವೈದ್ಯರು ಮೊದಲೇ ಬರೆದುಕೊಟ್ಟಿರುವ ಹೆಚ್ಚುವರಿ ಮಾತ್ರೆ ಶುರುಮಾಡಿ ಅದೇ ದಿನ ಹೊರಡಿ. ಹಲವು ವರ್ಷ ಕರೆಂಟಿನ ಮೇಲೆ ಇದ್ದವರಿಗೆ ಅದು ಥಟ್ಟನೆ ನಿಂತರೆ ಜ್ವರ, ನುಂಗಲಾಗದಿರುವುದು, ಮೈ ಕಲ್ಲಿನಂತಾಗುವುದು ಬರಬಹುದು. ಅದಕ್ಕೆ ಆಸ್ಪತ್ರೆಯ ತುರ್ತು ವಿಭಾಗವೇ ಸರಿ.